ಕಾಕಾನ ಕ್ವಾಲಿಸ್, ಸಾಕಿಚಿಯ ಮಗ್ಗ

ತಮ್ಮ ಟೊಯೋಟಾ ಕ್ವಾಲಿಸ್ ಗಾಡಿ ಹೇಗಿದೆ ಎಂದು ಯಾರು ಕೇಳಿದರೂ ನಮ್ಮ ಕಾಕಾ ಎರಡೇ ಮಾತಿನಲ್ಲಿ ಉತ್ತರ ಮುಗಿಸುತ್ತಾರೆ: "ಹೋಗುತ್ತದೆ, ಬರುತ್ತದೆ." ಇಪ್ಪತ್ತು ವರ್ಷ ಒಂದೇ ಗಾಡಿಯ ಸ್ಟೇರಿಂಗ್ ಹಿಡಿದವರಿಗೆ ಅದರ ಬಗ್ಗೆ ಇಷ್ಟೇ ಹೇಳಲಿಕ್ಕಿದೆಯೇ ಎಂದು ನನಗೆ ಬಹಳ ಕಾಲ ಬೇಸರವಿತ್ತು. ನಾನು ಕಾರುಗಳ ಬಗ್ಗೆ ಓದುವ ಹುಚ್ಚಿನವನು. ಎಂಜಿನ್ನಿನ ದನಿ, ತಿರುವಿನಲ್ಲಿ ಗಾಡಿ ರಸ್ತೆಗೆ ಅಂಟಿಕೊಳ್ಳುವ ಬಗೆ, ಬಾಗಿಲು ಹಾಕಿದಾಗಿನ ಸದ್ದು, ಇವುಗಳ ಮೇಲೆ ಪುಟಗಟ್ಟಲೆ ಬರೆಯುವವರನ್ನು ಓದಿಕೊಂಡು ಬೆಳೆದವನು. ಕಾಕಾನ ಮಾತು ನನಗೆ ಉತ್ತರದಂತೆ ಕೇಳಿಸಿದ್ದು ತೀರ ಈಚೆಗೆ, ಜಪಾನಿನ ನಗೋಯಾದಲ್ಲಿ, ಒಂದು ಮಗ್ಗದ ಮುಂದೆ ನಿಂತಿದ್ದಾಗ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಅಜ್ಜ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತು ನೇಯ್ದವರು. ಅಪ್ಪ, ಕಾಕಾ ಬೆಳೆಯುವ ಹೊತ್ತಿಗೆ ಪಡಸಾಲೆಗೆ ವಿದ್ಯುತ್ ಮಗ್ಗಗಳು ಬಂದವು, ಒಟ್ಟು ಆರು. ಅವು ಓಡುವಾಗ ಮನೆಯೊಳಗೆ ಮಾತನಾಡಬೇಕೆಂದರೆ ಕೂಗಬೇಕು. ಮಗ್ಗಗಳು ಹೋದ ಮೇಲೂ ನಮ್ಮವರು ಫೋನಿನಲ್ಲಿ ಕೂಗಿಯೇ ಮಾತನಾಡುವುದು ಆ ಅಭ್ಯಾಸದಿಂದ. ಶಾಲೆ ಬಿಟ್ಟ ಮೇಲೆ ಮಕ್ಕಳ ಪಾಲಿನ ಕೆಲಸ ಎರಡು: ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವುದು, ಇಲ್ಲವೇ ಮಗ್ಗದ ಪಕ್ಕ ಕೂತು ಎಳೆ ಕಾಯುವುದು. ಎರಡನೆಯದು ಸುಲಭವೆಂದು ಕಾಣುತ್ತದೆ, ಅಷ್ಟು ಸುಲಭವಲ್ಲ. ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಸಾವಿರಾರು ಎಳೆಗಳಲ್ಲಿ ಒಂದು ಕಡಿದರೆ ನಮ್ಮ ಮಗ್ಗಗಳಿಗೆ ಅದು ಗೊತ್ತಾಗುತ್ತಿರಲಿಲ್ಲ. ಲಾಳಿ ಓಡುತ್ತಲೇ ಇರುತ್ತಿತ್ತು, ಬಟ್ಟೆ ಸುತ್ತಿಕೊಳ್ಳುತ್ತಲೇ ಇರುತ್ತಿತ್ತು, ಎಳೆ ಇಲ್ಲದ ಜಾಗದಲ್ಲಿ ಸೀರೆಯ ಉದ್ದಕ್ಕೂ ಒಂದು ಗೀರು ಬೆಳೆಯುತ್ತಿತ್ತು. ವ್ಯಾಪಾರಿ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ತುಟಿ ಪಿಟಕ್ಕೆನ್ನದೆ ಹಣ ಮುರಿದುಕೊಳ್ಳುತ್ತಿದ್ದ. ಕಣ್ಣು ತೆಗೆದರೆ ಕೂಲಿ ಹೋಯಿತು ಎಂದು ಅಜ್ಜ ಹೇಳುತ್ತಿದ್ದರು. ಎಳೆ ಕಡಿದದ್ದು ಕಂಡ ಕೂಡಲೇ ಮಗ್ಗ ನಿಲ್ಲಿಸಬೇಕು, ತುದಿ ಹುಡುಕಬೇಕು, ಗಂಟು ಹಾಕಬೇಕು, ಹಣಿಗೆಯಲ್ಲಿ ಪೋಣಿಸಬೇಕು, ಮತ್ತೆ ಬಿಡಬೇಕು. ನಾನು ಎಷ್ಟೋ ಸಲ ಎಳೆ ಕಾಯುತ್ತಾ ನಿದ್ದೆ ಹೋಗಿದ್ದೇನೆ. ಆ ಸದ್ದಿನಲ್ಲಿ ನಿದ್ದೆ ಹೇಗೆ ಬರುತ್ತಿತ್ತೋ.

ಕಚೇರಿಯ ಕೆಲಸಕ್ಕೆಂದು ನಗೋಯಾಕ್ಕೆ ಹೋದಾಗ ಒಂದು ದಿನ ಬಿಡುವು ಸಿಕ್ಕಿತು. ಟೊಯೋಟಾದವರ ಕೈಗಾರಿಕಾ ಮ್ಯೂಸಿಯಂ ನೋಡಲು ಹೊರಟೆ. ಹಳೆಯ ಕಾರುಗಳ ಸಾಲನ್ನು ನೋಡುವ ಆಸೆಯಿಂದ ಹೋದವನಿಗೆ ಒಳಗೆ ಕಾಲಿಟ್ಟ ಕೂಡಲೇ ಎದುರಾದದ್ದು ಒಂದು ದೊಡ್ಡ ದುಂಡನೆಯ ಮಗ್ಗ. ಕಟ್ಟಡವೇ ಕೆಂಪು ಇಟ್ಟಿಗೆಯ ಹಳೆಯ ಜವಳಿ ಕಾರ್ಖಾನೆ. ಕಾರುಗಳ ಭಾಗಕ್ಕೆ ಹೋಗುವ ಮೊದಲು ಹತ್ತಿ, ಕದಿರು, ನೂಲು, ಮಗ್ಗಗಳ ದೊಡ್ಡ ಹಜಾರವೊಂದನ್ನು ದಾಟಬೇಕು. ನಾನು ದಾಟಲೇ ಇಲ್ಲ, ಅರ್ಧ ದಿನ ಅಲ್ಲಿಯೇ ಕಳೆಯಿತು. ಎಣ್ಣೆ ಮತ್ತು ಹತ್ತಿಯ ಧೂಳು ಬೆರೆತ ವಾಸನೆಗೆ ದೇಶಭೇದವಿಲ್ಲ.

ಅಲ್ಲಿ ಓಡುತ್ತಿದ್ದ ಒಂದು ಕಬ್ಬಿಣದ ಮಗ್ಗದ ಬಳಿ ಸಮವಸ್ತ್ರ ತೊಟ್ಟ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಆಕೆ ಬಂದವರನ್ನೆಲ್ಲ ಒಮ್ಮೆ ನೋಡಿ, ನಕ್ಕು, ಸಣ್ಣ ಕತ್ತರಿ ತೆಗೆದು ಹಾಸಿನ ಒಂದೇ ಒಂದು ಎಳೆಯನ್ನು ಕತ್ತರಿಸಿದಳು. ಮಗ್ಗ ನಿಂತಿತು. ಸುತ್ತ ಇದ್ದ ಪ್ರವಾಸಿಗರು ಸೌಜನ್ಯಕ್ಕೆ ತಲೆಯಾಡಿಸಿದರು. ನನಗೆ ಮಾತ್ರ ಗಂಟಲು ಕಟ್ಟಿತು. 1924ರಲ್ಲಿ ಸಿದ್ಧವಾದ ಯಂತ್ರ ಅದು. 1990ರ ದಶಕದಲ್ಲಿ ನಾನು ಬನಹಟ್ಟಿಯ ಪಡಸಾಲೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಮಾಡುತ್ತಿದ್ದ ಕೆಲಸವನ್ನು ಎಪ್ಪತ್ತು ವರ್ಷ ಮೊದಲೇ ಒಂದು ಲೋಹದ ಚೂರು ಮಾಡುತ್ತಿತ್ತು. ಉಪಾಯ ಕೇಳಿದರೆ ನಗು ಬರುವಷ್ಟು ಸರಳ. ಪ್ರತಿ ಎಳೆಯ ಮೇಲೂ ತೆಳುವಾದ ಲೋಹದ ಪಟ್ಟಿಯೊಂದನ್ನು ತೂಗುಹಾಕಿರುತ್ತಾರೆ. ಎಳೆ ಬಿಗಿಯಾಗಿರುವ ತನಕ ಪಟ್ಟಿ ಮೇಲಿರುತ್ತದೆ, ಕಡಿದರೆ ಕೆಳಗೆ ಬೀಳುತ್ತದೆ, ಬಿದ್ದರೆ ಮಗ್ಗ ನಿಲ್ಲುತ್ತದೆ.

ಅದನ್ನು ರೂಪಿಸಿದವರು ಸಾಕಿಚಿ ಟೊಯೊಡಾ. 1867ರಲ್ಲಿ, ಈಗ ಶಿಜುವೊಕಾ ಪ್ರಾಂತ್ಯದ ಕೊಸಾಯಿ ನಗರಕ್ಕೆ ಸೇರಿದ ಹಳ್ಳಿಯಲ್ಲಿ ಬಡಗಿಯ ಮಗನಾಗಿ ಹುಟ್ಟಿದರು. ತಾಯಿ ಮಗ್ಗದಲ್ಲಿ ಪಡುತ್ತಿದ್ದ ಪಾಡನ್ನು ನೋಡಿ ಮಗ ಮಗ್ಗದ ಬೆನ್ನು ಹತ್ತಿದ ಎಂಬುದು ಕಂಪನಿಯವರು ಪ್ರೀತಿಯಿಂದ ಹೇಳುವ ಕಥೆ. ನೇಕಾರರ ಮನೆಯವನಾದ ನನಗೆ ಅದನ್ನು ನಂಬಲು ಕಷ್ಟವೇನೂ ಇಲ್ಲ. 1890ರಲ್ಲಿ ಮರದ ಕೈಮಗ್ಗ ಮಾಡಿದರು. 1896ರಲ್ಲಿ ಮರ ಮತ್ತು ಕಬ್ಬಿಣದ ಯಂತ್ರಮಗ್ಗ ಬಂತು. ಅದು ಲಾಳಿ ಅಡ್ಡಕ್ಕೆ ಎಳೆಯುವ ಹೊಕ್ಕಿನ ನೂಲು ಕಡಿದರೆ ತಾನೇ ನಿಲ್ಲುತ್ತಿತ್ತು. ಆಮೇಲೆ ಇಪ್ಪತ್ತೆಂಟು ವರ್ಷ ತಿದ್ದಿ ತೀಡಿ 'ಜಿ' ಮಾದರಿಯ ಸ್ವಯಂಚಾಲಿತ ಮಗ್ಗಕ್ಕೆ ತಲುಪಿದರು. ಓಡುವ ಓಟದಲ್ಲೇ ಲಾಳಿ ಬದಲಾಯಿಸಿಕೊಳ್ಳುವ ಯಂತ್ರ ಅದು. ಎಳೆ ಕಾಯುವ ಕಣ್ಣು ಬೇಡವಾದ ಮೇಲೆ ಒಬ್ಬ ಕೆಲಸಗಾರ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು.

ಈ ತತ್ವಕ್ಕೆ ಟೊಯೋಟಾದವರು 'ಜಿದೋಕಾ' ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ ಸ್ವಯಂಚಾಲನೆ ಎನ್ನುವ ಪದವೂ ಉಚ್ಚಾರದಲ್ಲಿ ಇದೇ. ಬರೆಯುವಾಗ ಮಾತ್ರ ಇವರು ಒಂದು ಅಕ್ಷರಕ್ಕೆ 'ಮನುಷ್ಯ' ಎಂಬ ಗುರುತನ್ನು ಸೇರಿಸಿ ಬರೆಯುತ್ತಾರೆ. ತಾನಾಗಿ ಓಡುವ ಯಂತ್ರ ಸಾಲದು, ತಪ್ಪು ಕಂಡರೆ ನಿಲ್ಲುವಷ್ಟು ಮನುಷ್ಯತನ ಅದಕ್ಕಿರಬೇಕು ಎಂದು ಅರ್ಥ. ಕಾರು ಕಾರ್ಖಾನೆಗೆ ಬಂದಾಗ ಇದೇ ತತ್ವ ಒಂದು ಹಗ್ಗದ ರೂಪ ತಳೆಯಿತು. ಜೋಡಣೆಯ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ತಪ್ಪು ಕಂಡರೆ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ಮುಂದಾಳು ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ.

ಮಗ್ಗದಿಂದ ಕಾರಿಗೆ ಹೋದ ಕಥೆಯನ್ನು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: 1929ರಲ್ಲಿ ಸಾಕಿಚಿಯ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್ ಕಂಪನಿ ಒಂದು ಲಕ್ಷ ಪೌಂಡಿಗೆ ಕೊಂಡಿತು, ಆ ಹಣವನ್ನು ತಂದೆ ಮಗನ ಕೈಗಿಟ್ಟು ಕಾರು ಮಾಡು ಎಂದರು. ಕಥೆ ಚೆನ್ನಾಗಿದೆ, ವ್ಯವಹಾರ ಅಷ್ಟು ನೇರವಾಗಿ ನಡೆಯಲಿಲ್ಲ. ಪ್ಲಾಟ್ ಕಂಪನಿ ಆಮೇಲೆ ಚೌಕಾಸಿ ಮಾಡಿ ಮೊತ್ತ ಇಳಿಸಿತು. ಕಾರಿಗೆ ಸುರಿದ ಬಂಡವಾಳವೂ ಅದಕ್ಕಿಂತ ಬಹಳ ದೊಡ್ಡದು. ಆದರೂ ಮಗ್ಗದ ಗಳಿಕೆಯ ಮೇಲೆಯೇ ಕಾರು ನಿಂತದ್ದು ನಿಜ. ಮಗ ಕಿಇಚಿರೊ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗವೊಂದನ್ನು ತೆರೆದರು. 1935ರಲ್ಲಿ ಜಿ1 ಎಂಬ ಲಾರಿ, ಮರುವರ್ಷ ಎಎ ಎಂಬ ಕಾರು ಬಂದವು. ಇಂದು ಕೆಡದಿರುವುದಕ್ಕೆ ಹೆಸರಾದ ಈ ಕಂಪನಿಯ ಮೊದಲ ಲಾರಿಗಳು ದಾರಿದಾರಿಯಲ್ಲೇ ಕೆಟ್ಟು ನಿಲ್ಲುತ್ತಿದ್ದವು. ರಿಪೇರಿಗೆ ಜನ ಓಡಬೇಕಿತ್ತು, ಕೆಲವು ಸಲ ಕಿಇಚಿರೊ ತಾವೇ ಹೋಗುತ್ತಿದ್ದರು.

ಹೆಸರಿನದೂ ಒಂದು ಕಥೆ ಇದೆ. ಮನೆತನದ ಹೆಸರು ಟೊಯೊಡಾ, ಅಂದರೆ ಸಮೃದ್ಧವಾದ ಗದ್ದೆ. 1936ರಲ್ಲಿ ಲಾಂಛನಕ್ಕಾಗಿ ಸ್ಪರ್ಧೆ ಕರೆದಾಗ ಸುಮಾರು 27,000 ನಮೂನೆಗಳು ಬಂದವಂತೆ. ಆಗ ಆರಿಸಿದ್ದು 'ಟೊಯೋಟಾ' ಎಂಬ ರೂಪವನ್ನು. ಜಪಾನಿ ಲಿಪಿಯಲ್ಲಿ ಅದನ್ನು ಬರೆಯಲು ಎಂಟು ಗೆರೆ ಸಾಕು, ಎಂಟು ಅಲ್ಲಿ ಶುಭಸಂಖ್ಯೆ. 1937ರಲ್ಲಿ ಕಂಪನಿ ಸ್ವತಂತ್ರವಾಯಿತು. ಕಾರ್ಖಾನೆ ಎದ್ದ ಕೊರೊಮೊ ಎಂಬ ಊರು 1959ರಲ್ಲಿ ತನ್ನ ಹಳೆಯ ಹೆಸರನ್ನೇ ಬಿಟ್ಟು ಟೊಯೋಟಾ ನಗರವಾಯಿತು. ಊರಿನಿಂದ ಮನುಷ್ಯರಿಗೆ ಹೆಸರು ಬರುವುದು ನಮಗೆ ಗೊತ್ತಿದೆ. ಕಾರಿನಿಂದ ಊರಿಗೆ ಹೆಸರು ಬಂದದ್ದು ನನಗೆ ಇವತ್ತಿಗೂ ಸೋಜಿಗ.

ಕಿಇಚಿರೊ ಅವರ ಕೊನೆಯನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಯುದ್ಧ ಮುಗಿದ ಮೇಲಿನ ಮುಗ್ಗಟ್ಟಿನಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಯಾರನ್ನೂ ಕೆಲಸದಿಂದ ತೆಗೆಯಬಾರದು ಎಂದುಕೊಂಡಿದ್ದ ಮನುಷ್ಯ, 1950ರಲ್ಲಿ ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಕಳುಹಿಸಬೇಕಾಗಿ ಬಂದಾಗ ತಾವೂ ಜೂನ್ ತಿಂಗಳಲ್ಲಿ ಅಧ್ಯಕ್ಷಗಿರಿ ಬಿಟ್ಟು ಹೊರಗೆ ನಡೆದರು. ಅದೇ ತಿಂಗಳು 25ಕ್ಕೆ ಕೊರಿಯಾ ಯುದ್ಧ ಶುರುವಾಯಿತು. ಅಮೆರಿಕದ ಸೇನೆ ಲಾರಿಗಳಿಗೆ ಮೇಲಿಂದ ಮೇಲೆ ಬೇಡಿಕೆ ಕಳುಹಿಸಿತು, ಕಂಪನಿ ಬದುಕಿತು. 1952ರಲ್ಲಿ ಅವರನ್ನು ಮರಳಿ ಕರೆತರುವ ಮಾತು ನಡೆದಿದ್ದಾಗಲೇ, ಐವತ್ತೇಳರ ವಯಸ್ಸಿನಲ್ಲಿ ತೀರಿಕೊಂಡರು. ತಾವು ಕನಸಿದ ಪ್ರಯಾಣಿಕರ ಕಾರು ಮನೆಮನೆಗೆ ತಲುಪಿದ್ದನ್ನು ಅವರು ನೋಡಲಿಲ್ಲ. ಆಮೇಲಿನದೆಲ್ಲ ಎಲ್ಲರಿಗೂ ಗೊತ್ತಿರುವ ಕಥೆ: 1957ರಲ್ಲಿ ಅಮೆರಿಕಕ್ಕೆ ಹೋದ ಕ್ರೌನ್ ಅಲ್ಲಿನ ಹೆದ್ದಾರಿಯ ವೇಗ ತಾಳದೆ ಸೋತದ್ದು, 1966ರ ಕೊರೊಲ್ಲಾ ಗೆದ್ದದ್ದು, 1989ರ ಲೆಕ್ಸಸ್, 1997ರ ಪ್ರಿಯಸ್.

ಕರ್ನಾಟಕಕ್ಕೆ ಟೊಯೋಟಾ ಬಂದದ್ದು ಕಾರಿನ ಮೂಲಕ ಎಂದು ನಾನು ತಿಳಿದಿದ್ದೆ. ಮೊದಲು ಬಂದದ್ದು ನೂಲು ತೆಗೆಯುವ ಯಂತ್ರ. 1995ರಲ್ಲಿ ಸಾಕಿಚಿಯ ಹಳೆಯ ಮಗ್ಗದ ಕಂಪನಿ ಕಿರ್ಲೋಸ್ಕರರೊಂದಿಗೆ ಸೇರಿ ಬೆಂಗಳೂರಿನಲ್ಲಿ ಜವಳಿ ಯಂತ್ರಗಳ ಕಾರ್ಖಾನೆ ಆರಂಭಿಸಿತು. ಎರಡು ವರ್ಷದ ನಂತರ, 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಕಿರ್ಲೋಸ್ಕರ್ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕಬ್ಬಿಣದ ನೇಗಿಲು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ ಮಾಡಿ, ನೇಗಿಲಿಗೆ ಬಂದವರು. ಸಾಕಿಚಿಗಿಂತ ಎರಡು ವರ್ಷ ಚಿಕ್ಕವರು. ಮಗ್ಗದವನ ವಂಶ, ನೇಗಿಲಿನವನ ವಂಶ ಬಿಡದಿಯಲ್ಲಿ ಕೈಕುಲುಕಿದವು ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಒಪ್ಪಂದಗಳನ್ನು ಬರೆಯುವವರು ವಕೀಲರು.

1999ರ ಕೊನೆಗೆ ಬಿಡದಿಯಲ್ಲಿ ಉತ್ಪಾದನೆ ಶುರುವಾಗಿ 2000ದ ಜನವರಿಯಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂದಾಗ ಕಾರು ಬಲ್ಲವರು ಮೂಗು ಮುರಿದಿದ್ದರು. ಅದಕ್ಕೆ ಕಾರಣವಿತ್ತು. ಅದು ಇಂಡೋನೇಷ್ಯಾದಲ್ಲಿ 1986ರಿಂದ ಓಡುತ್ತಿದ್ದ ಕಿಜಾಂಗ್ ಎಂಬ ಗಾಡಿ, ಮುಖವನ್ನಷ್ಟೇ ಬದಲಾಯಿಸಿ ತಂದಿದ್ದರು. ಅಲ್ಲಿ ಅಷ್ಟರಲ್ಲಿ ಹೊಸ ಕಿಜಾಂಗ್ ಬಂದಾಗಿತ್ತು. ಕಿಜಾಂಗ್ ಎಂದರೆ ಜಿಂಕೆಯ ಜಾತಿಯ ಒಂದು ಪ್ರಾಣಿ. 1977ರ ಮೊದಲ ಕಿಜಾಂಗಿಗೆ ಅಲ್ಲಿನ ಜನ ಮೊಸಳೆ ಎಂದು ಅಡ್ಡಹೆಸರಿಟ್ಟಿದ್ದರು, ಬಾನೆಟ್ ಎತ್ತಿದರೆ ಮೊಸಳೆ ಬಾಯಿ ತೆರೆದ ಹಾಗೆ ಕಾಣುತ್ತಿತ್ತಂತೆ. ನಮ್ಮ ಕ್ವಾಲಿಸ್ ಜಿಂಕೆಯೂ ಅಲ್ಲ, ಮೊಸಳೆಯೂ ಅಲ್ಲ. ಹೊರೆ ಹೊತ್ತು ತಲೆ ತಗ್ಗಿಸಿ ನಡೆಯುವ ಎತ್ತು.

ಕಾಕಾ ಅದನ್ನು ಕೊಂಡದ್ದು 2004ರಲ್ಲಿ. ಆರು ಮಗ್ಗಗಳಲ್ಲಿ ಎರಡನ್ನು ಮಾರಿ, ಉಳಿದದ್ದಕ್ಕೆ ಸಾಲ ಮಾಡಿ, ಹಳದಿ ಬೋರ್ಡಿನ ಹತ್ತು ಸೀಟಿನ ಗಾಡಿ ತಂದರು. ಮಗ್ಗ ಮಾರಿ ಗಾಡಿ ತಂದದ್ದಕ್ಕೆ ಅಜ್ಜ ಒಂದು ತಿಂಗಳು ಮಾತು ಬಿಟ್ಟಿದ್ದರು. ಟೊಯೊಡಾ ಮನೆತನವೂ ಮಗ್ಗದಿಂದಲೇ ಮೋಟಾರಿಗೆ ಹೋಯಿತು ಎಂದು ಆಗ ನನಗೆ ಗೊತ್ತಿದ್ದರೆ ಅಜ್ಜನಿಗೆ ಹೇಳುತ್ತಿದ್ದೆ. ಅವರು ಕೇಳುತ್ತಿರಲಿಲ್ಲ, ಅದು ಬೇರೆ ಮಾತು.

2.4 ಲೀಟರ್ ಡೀಸೆಲ್ ಎಂಜಿನ್, ಎಪ್ಪತ್ತೈದು ಅಶ್ವಶಕ್ತಿ, ಟರ್ಬೊ ಇಲ್ಲ. ಹಿಂದೆ ಲಾರಿಯಂತೆ ಪಟ್ಟಿ ಸ್ಪ್ರಿಂಗು. ಘಾಟಿ ಹತ್ತುವಾಗ ಬಸ್ಸುಗಳೂ ಹಾರ್ನ್ ಹಾಕಿ ಮುಂದೆ ಹೋಗುತ್ತವೆ. ಖಾಲಿ ಇದ್ದರೆ ಪುಟಿಯುತ್ತದೆ, ಎಂಟು ಜನ ಹತ್ತಿದ ಮೇಲೆ ಮೆತ್ತಗಾಗುತ್ತದೆ. ಹಿಂದಿನ ಸೀಟುಗಳು ಎದುರುಬದುರು. ಪಂಢರಪುರಕ್ಕೆ ಹೋಗುವಾಗ ಮೊಳಕಾಲಿಗೆ ಮೊಳಕಾಲು ತಾಗಿಸಿ ಕೂತ ಎರಡು ಸಾಲಿನ ನಡುವೆ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಒಂದು ಕೂಸು. ಗಾಡಿಯ ನಿಜವಾದ ಗುಣ ಗೊತ್ತಾಗುವುದು ಆ ಹಿಂದಿನ ಸೀಟಿನಲ್ಲಿ ಎಂದು ನನ್ನ ನಂಬಿಕೆ. ಕಾರಿನ ಬಗ್ಗೆ ಬರೆಯುವವರು ಅಲ್ಲಿ ಕೂರುವುದಿಲ್ಲ. ಮದುವೆ, ಸವದತ್ತಿಯ ಜಾತ್ರೆ, ಸೊಲ್ಲಾಪುರಕ್ಕೆ ಸೀರೆಯ ಗಂಟು, ಮಿರಜದ ಆಸ್ಪತ್ರೆಗೆ ರೋಗಿಗಳು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಮೂರು ದಿನ ಹೊಳೆದಂಡೆಯ ಊರುಗಳಿಂದ ಜನರನ್ನೂ ಕಾಳಿನ ಚೀಲಗಳನ್ನೂ ಹೊತ್ತು ತಂದದ್ದೂ ಇದೇ ಗಾಡಿ.

ಕಾಕಾನ ಬಳಿ ಒಂದು ಉದ್ದನೆಯ ಖಾತೆ ಪುಸ್ತಕವಿದೆ. ಮೊದಲರ್ಧ ಮಗ್ಗದ ಲೆಕ್ಕ, ಉಳಿದರ್ಧ ಕ್ವಾಲಿಸ್‌ನದು. ಮಗ್ಗದ ಪುಟಗಳಲ್ಲಿ ಕಥೆಗಳೇ ತುಂಬಿವೆ: ಮೋಟಾರು ಸುಟ್ಟಿತು, ಲಾಳಿ ಸಿಡಿದು ಕಿಟಕಿ ಒಡೆಯಿತು, ವ್ಯಾಪಾರಿ ಹಣ ಮುರಿದ. ಕ್ವಾಲಿಸ್‌ನ ಪುಟಗಳನ್ನು ಓದಿದರೆ ಆಕಳಿಕೆ ಬರುತ್ತದೆ. ಡೀಸೆಲ್, ಆಯಿಲ್, ಟೈರು, ಡೀಸೆಲ್, ಬ್ರೇಕ್ ಲೈನಿಂಗು, ಒಂದು ಲಕ್ಷ ಕಿಲೋಮೀಟರಿಗೆ ಟೈಮಿಂಗ್ ಬೆಲ್ಟ್, ಮತ್ತೆ ಡೀಸೆಲ್. ಐದು ಲಕ್ಷ ಕಿಲೋಮೀಟರಿನವರೆಗೆ ಇದೇ ಪಾಠ. ನನಗೆ ಬೇಸರ ತರಿಸಿದ್ದ ಆ ಎರಡು ಮಾತು, "ಹೋಗುತ್ತದೆ, ಬರುತ್ತದೆ", ಈ ಪುಟಗಳ ಸರಿಯಾದ ಸಾರಾಂಶ. ಎಳೆ ಕಾಯ್ದು ಕಾಯ್ದು ದಣಿದ ಮನುಷ್ಯನಿಗೆ, ಕಾಯದೇ ಇದ್ದರೂ ಓಡುವ ಒಂದು ಯಂತ್ರ ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು. ಅದರ ಬಗ್ಗೆ ಮಾತೇಕೆ?

ಬೆಂಗಳೂರಿಗೆ ಬಂದ ಮೇಲೆ ನಾನು ನೋಡಿದ ಕ್ವಾಲಿಸ್‌ಗಳು ಬೇರೆ ಬಗೆಯವು. ರಾತ್ರಿ ಎರಡು ಗಂಟೆಗೆ ಕಾಲ್ ಸೆಂಟರಿನ ಹುಡುಗ ಹುಡುಗಿಯರನ್ನು ತುಂಬಿಕೊಂಡು ಖಾಲಿ ರಸ್ತೆಯಲ್ಲಿ ಹಾರುತ್ತಿದ್ದವು. ಎತ್ತಿಗೂ ಕುದುರೆಯ ಹುಚ್ಚು ಹಿಡಿಸಿದ ಊರು ಇದು. 2005ರಲ್ಲಿ, ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ, ಕಂಪನಿ ಕ್ವಾಲಿಸ್ ನಿಲ್ಲಿಸಿ ಇನೋವಾ ತಂದಿತು. ಓಡುತ್ತಿರುವುದನ್ನು ಯಾರಾದರೂ ನಿಲ್ಲಿಸುತ್ತಾರೆಯೇ ಎಂದು ಟ್ಯಾಕ್ಸಿಯವರು ಗೊಣಗಿದ್ದರು. ಈಗ ಇನೋವಾದ ಚಾಲಕರನ್ನು ಮಾತಿಗೆಳೆದರೆ ಅವರು ಹೊಗಳುವುದೂ ಕಾಕಾನ ಧಾಟಿಯಲ್ಲೇ: ಲಕ್ಷಗಳಲ್ಲಿ ಕಿಲೋಮೀಟರು ಹೇಳುತ್ತಾರೆ, ಮಾರಿದರೆ ಬರುವ ಬೆಲೆ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಸುಜುಕಿಯ ಬಲೆನೊಗೆ ಟೊಯೋಟಾ ಗುರುತು ಅಂಟಿಸಿದ ಗ್ಲಾಂಜಾ 2019ರಲ್ಲಿ ಬಂದಾಗ ನಾನು ಹಳೆಯ ಕಾಲದವರಂತೆ ಮುಖ ಸಿಂಡರಿಸಿದ್ದೆ. ಆಮೇಲೆ ತಿಳಿಯಿತು, ಸುಜುಕಿಯೂ 1909ರಲ್ಲಿ ಹಮಾಮತ್ಸುವಿನಲ್ಲಿ ಮಗ್ಗ ಮಾಡುವ ಕಂಪನಿಯಾಗಿ ಹುಟ್ಟಿದ್ದು. ಸಾಕಿಚಿ ಹುಟ್ಟಿದ ಕೊಸಾಯಿಯಲ್ಲಿ ಇಂದು ಸುಜುಕಿಯ ಕಾರು ಕಾರ್ಖಾನೆ ಇದೆ. ನೇಕಾರರ ಓಣಿಯಲ್ಲಿ ಬೀಗತನ ಹೊಸದಲ್ಲ.

ಹಗ್ಗ ಎಳೆಯುವವರೇ ಇಲ್ಲದ ದಿನಗಳೂ ಈ ಕಂಪನಿಗೆ ಬಂದವು. ತಾನಾಗಿ ವೇಗ ಹೆಚ್ಚಿಸಿಕೊಳ್ಳುವ ಕಾರುಗಳ ದೂರು ಬೆಳೆದು, 2009 ಮತ್ತು 2010ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಕಿಇಚಿರೊ ಅವರ ಮೊಮ್ಮಗ ಅಕಿಯೊ ಟೊಯೊಡಾ 2010ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೂತು, ನಾವು ತೀರ ವೇಗವಾಗಿ ಬೆಳೆದೆವೇನೋ ಎಂದು ಒಪ್ಪಿಕೊಂಡರು. ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ತೆತ್ತಿತು. ನನಗೆ ಅದಕ್ಕಿಂತ ಹೆಚ್ಚು ನೋವಾದದ್ದು 2024ರ ಜನವರಿಯ ಸುದ್ದಿಯಿಂದ. ಡೀಸೆಲ್ ಎಂಜಿನ್ನುಗಳ ಶಕ್ತಿ ಪರೀಕ್ಷೆಯಲ್ಲಿ ಅಂಕಿಗಳು ನಯವಾಗಿ ಕಾಣಲೆಂದು ಬೇರೆ ಸಾಫ್ಟ್‌ವೇರ್ ಬಳಸಿದ್ದು ಹೊರಬಿತ್ತು. ನಮ್ಮಲ್ಲೂ ಇನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಕೆಲವು ದಿನ ಕಾರ್ಖಾನೆಯಿಂದ ಹೊರಡಲಿಲ್ಲ. ಹಾಗೆ ಮಾಡಿದ್ದು ಎಂಜಿನ್ ಮಾಡಿಕೊಡುವ ಟೊಯೋಟಾ ಇಂಡಸ್ಟ್ರೀಸ್. ಅಂದರೆ ಸಾಕಿಚಿಯ ಆ ಮಗ್ಗದ ಕಂಪನಿಯೇ.

ಬಿಡದಿಯಲ್ಲೂ ಸಾಲು ನಿಂತದ್ದುಂಟು, ಬೇರೆ ಕಾರಣಕ್ಕೆ. 2020ರ ನವೆಂಬರಿನಲ್ಲಿ ಕೆಲಸಗಾರರೊಬ್ಬರ ಅಮಾನತಿನಿಂದ ಶುರುವಾದ ಜಗಳ ಮುಷ್ಕರ, ಲಾಕೌಟ್ ಎಂದು ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಒತ್ತಡ ತಾಳಲಾಗದು ಎಂದು ಕಾರ್ಮಿಕರು, ಶಿಸ್ತು ಮೀರಿದರು ಎಂದು ಆಡಳಿತ. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗೆಂದು ನಿಂತಾಗಲೆಲ್ಲ ಆ ದಿನಗಳ ಧರಣಿಯ ಶಾಮಿಯಾನ ನೆನಪಾಗುತ್ತದೆ. ತಪ್ಪು ಕಂಡರೆ ಹಗ್ಗ ಎಳೆಯಿರಿ ಎಂದು ಹೇಳಿಕೊಟ್ಟವರು, ಕೆಲಸದ ವೇಗವೇ ತಪ್ಪು ಎನಿಸಿದವನು ಯಾವ ಹಗ್ಗ ಎಳೆಯಬೇಕೆಂದು ಹೇಳಿಕೊಟ್ಟಂತಿಲ್ಲ.

ನಗೋಯಾದ ಆ ಮಗ್ಗದ ವಿಡಿಯೊವನ್ನು ಅದೇ ಸಂಜೆ ಕಾಕಾನಿಗೆ ಕಳುಹಿಸಿದ್ದೆ. ಈಗ ಮನೆಯಲ್ಲಿ ಮಗ್ಗಗಳಿಲ್ಲ. ಪಡಸಾಲೆಯಲ್ಲಿ ಅವುಗಳ ಕಾಲು ಊರಿದ್ದ ಕುಳಿಗಳಿವೆ, ಅದರ ಮೇಲೆ ಕ್ವಾಲಿಸ್‌ನ ಹಳೆಯ ಟೈರುಗಳಿವೆ. ಅರ್ಧ ಗಂಟೆಯಲ್ಲಿ ಫೋನು ಬಂತು. ಎಂದಿನಂತೆ ಕೂಗುತ್ತಲೇ ಮಾತನಾಡಿದರು.

"ನೋಡಿದೆ. ಮೂರು ಸಲ ನೋಡಿದೆ."

"ಹೇಗಿದೆ ಕಾಕಾ? ಎಳೆ ಕಡಿದ ಕೂಡಲೇ ನಿಲ್ಲುತ್ತದೆ ನೋಡಿರಿ. ನೂರು ವರ್ಷದ ಹಿಂದಿನದು."

"ನಿಲ್ಲುತ್ತದೆ, ಖರೆ. ಆ ಮೇಲೆ ಆ ಹುಡುಗಿ ಎಳೆ ಕಟ್ಟಿದಳಲ್ಲ, ಅದು ಎಲ್ಲಿ?"

"ಕಟ್ಟಿದಳು ಕಾಕಾ."

"ಯಾವ ಗಂಟು ಹಾಕಿದಳು? ಎಷ್ಟು ಹೊತ್ತು ಹಿಡಿಯಿತು?"

ನಾನು ಫೋನು ತೆಗೆದು ಮತ್ತೆ ನೋಡಿದೆ. ಮಗ್ಗ ನಿಂತ ಕೂಡಲೇ ನಾನು ವಿಡಿಯೊ ನಿಲ್ಲಿಸಿದ್ದೆ.